ಬದನೆಕಾಯಿ ಕೇಳಲು ಹಾಸನಕ್ಕೆ

ಯಸಳೂರಿನಲ್ಲಿ ಮೊದಲ ಬಸ್ಸು ಹತ್ತಿದಾಗ ತೋಟಗಳ ಮೇಲಿನ ಇಬ್ಬನಿ ಇನ್ನೂ ಕರಗಿರಲಿಲ್ಲ. ಕಾಫಿ ಕೊಯ್ಲಿನ ಸಮಯ. ಅಕ್ಕ, ಭಾವ ತೋಟ ಬಿಟ್ಟು ಬರುವಂತಿರಲಿಲ್ಲ. ಅವರ ಮಗಳು ಸಿಂಚನಳನ್ನು ಹಾಸನದ ಚರ್ಮದ ಡಾಕ್ಟರಿಗೆ ತೋರಿಸುವ ಕೆಲಸ ಸೋದರಮಾವನಾದ ನನ್ನ ಪಾಲಿಗೆ ಬಂತು. ಹೆಂಗಸರಿಗೆ ಪ್ರಯಾಣ ಉಚಿತ, ಟಿಕೆಟ್ಟಿನ ದುಡ್ಡು ನನ್ನೊಬ್ಬನದೇ.

ಸಿಂಚನಳಿಗೆ ಮೊಣಕೈ ಮಡಿಕೆಯಲ್ಲಿ, ಕುತ್ತಿಗೆಯಲ್ಲಿ ತುರಿಕೆ. ಚಳಿಗಾಲ ಬಂತೆಂದರೆ ಕೆರೆದು ಕೆರೆದು ರಕ್ತ ಬರುತ್ತದೆ. ಇದು ನಂಜು ಎಂದು ಅಕ್ಕನ ಅತ್ತೆ ಗಿರಿಜಜ್ಜಿ ಕೆಲವು ವರ್ಷಗಳಿಂದ ಹುಡುಗಿಗೆ ಬದನೆಕಾಯಿ, ಹಲಸು, ಕಡಲೆಬೀಜ ಎಲ್ಲವನ್ನೂ ನಿಲ್ಲಿಸಿದ್ದರು. ಅವಳಿಗೋ ಬದನೆಕಾಯಿ ಎಣ್ಣೆಗಾಯಿ ಎಂದರೆ ಪ್ರಾಣ.

"ಮಾವ, ಡಾಕ್ಟ್ರನ್ನ ಅದೊಂದು ಮರೀದೆ ಕೇಳು" ಎಂದು ದಾರಿಯುದ್ದಕ್ಕೂ ಪೀಡಿಸಿದಳು.

ಸಕಲೇಶಪುರದಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿದೆವು. ನಮ್ಮ ಕಡೆಯ ಬಸ್ಸಿನಲ್ಲಿ ಕೇಳದವರಿಗೂ ಮದ್ದು ಸಿಗುತ್ತದೆ. ಪಕ್ಕದವರು ಬೇವಿನ ಸೊಪ್ಪು ಅರೆದು ಹಚ್ಚಲು ಹೇಳಿದರು. ಆಲೂರಿನಲ್ಲಿ ಹತ್ತಿದ ಹೆಂಗಸು ಸುಡುಸುಡು ಹಂಡೆನೀರೇ ಸರಿ ಎಂದರು. ಇಬ್ಬರೂ ಸೇರಿ ಬದನೆಕಾಯಿಯನ್ನು ಬೈದರು. ಸಿಂಚನ ಕಿಟಕಿಯತ್ತ ಮುಖ ತಿರುಗಿಸಿದಳು.

ಹಾಸನದ ಡಾಕ್ಟರಮ್ಮ ಕೈ ನೋಡಿ, ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದೆಯೇ ಎಂದು ಕೇಳಿದರು. ಭಾವನಿಗಿತ್ತು. ಚರ್ಮವೆಂದರೆ ಗೋಡೆ, ಇವಳ ಗೋಡೆಗೆ ಹುಟ್ಟಿನಿಂದಲೇ ಗಾರೆ ಸಾಲದು ಎಂದರು. ಸಂದಿನಲ್ಲಿ ಧೂಳು ನುಗ್ಗುತ್ತದೆ, ಮೈಯ ಕಾವಲು ಅತಿಯಾಗಿ ರೇಗುತ್ತದೆ, ತುರಿಕೆಯ ಸುದ್ದಿ ನರಕ್ಕೆ ಮುಟ್ಟುತ್ತದೆ. ಆ ಸುದ್ದಿಯನ್ನಷ್ಟೇ ತಡೆಯುವ ಇಂಜೆಕ್ಷನ್ ಈಗ ಬಂದಿದೆಯಂತೆ. ನನಗೆ ಸೋಜಿಗವಾಯಿತು. ಸದ್ಯಕ್ಕೆ ಇವಳಿಗೆ ಅದು ಬೇಡ. ಉಗುರುಬೆಚ್ಚಗಿನ ನೀರು, ಮೈ ಹಸಿಯಿರುವಾಗಲೇ ಕ್ರೀಮು, ಕೆಂಪಾದಲ್ಲಿ ಮುಲಾಮು ಸಾಕು ಎಂದರು.

ನಾನು ಬದನೆಕಾಯಿಯ ವಿಷಯ ಕೇಳಿದೆ.

"ತಿಂದಾಗ ಜಾಸ್ತಿಯಾಗಿದ್ದು ಯಾರಾದ್ರೂ ನೋಡಿದ್ದೀರಾ?"

ಯಾರೂ ನೋಡಿರಲಿಲ್ಲ. "ಮತ್ತೆ? ತಿನ್ನಲಿ ಬಿಡಿ" ಎಂದರು. ಕಡಲೆಬೀಜಕ್ಕೂ ಹಲಸಿಗೂ ಅದೇ ಮಾತು. ಸಿಂಚನ ನನ್ನ ತೋಳು ಹಿಡಿದು ಗಟ್ಟಿಯಾಗಿ ಅದುಮಿದಳು.

ಸಂಜೆ ಯಸಳೂರಿನ ಮನೆಯಲ್ಲಿ ಗಿರಿಜಜ್ಜಿ ಎಲ್ಲವನ್ನೂ ಎರಡೆರಡು ಸಲ ಹೇಳಿಸಿಕೊಂಡರು. ಇನ್ನೇನು ಜಗಳ ಎಂದುಕೊಂಡೆ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಹಂಗಾದ್ರೆ ಇನ್ ನಾನೂ ತಿನ್ಬೋದು ಅನ್ನು. ಮಗೀನ ಬಾಯಿ ಕಟ್ಟಿ ನಾನ್ ಹೆಂಗಪ್ಪ ತಿನ್ಲಿ? ಅವತ್ತೇ ಬುಟ್ಬುಟ್ಟೆ ಕಣೋ."

ಅಕ್ಕನಿಗೂ ಇದು ಗೊತ್ತಿರಲಿಲ್ಲ. ನನಗೆ ಕಣ್ಣು ತುಂಬಿತು.

ಮರುದಿನ ನನ್ನೂರಿಗೆ ಹೊರಟು ಬಸ್ಸು ಹತ್ತಿದರೆ, ಅಜ್ಜಿ ಸಂತೆಯ ಖಾಲಿ ಚೀಲ ಹಿಡಿದು ನನಗಿಂತ ಮೊದಲೇ ಕೂತಿದ್ದರು. ಸಕಲೇಶಪುರದವರೆಗೂ ಅವರ ಮಾತೆಲ್ಲ ಎಳೆ ಬದನೆಯದ್ದೇ.