ಮೂವತ್ತೇ ಸೀಟಿನ ಕೋಣೆ

1999ನೇ ಇಸವಿಯಲ್ಲಿ, ಆರನೇ ತರಗತಿಯ ನಡುವೆಯೇ, ನಾನು ಓದು ಬಿಟ್ಟೆ. ಮಾವನ ಹಿಂದೆ ಗಾರೆ ಕೆಲಸಕ್ಕೆ ಹೋದವನಿಗೆ ಮತ್ತೆ ಪುಸ್ತಕ ಹಿಡಿಯುವ ಮನಸ್ಸು ಬರಲಿಲ್ಲ. ಶಿಕಾರಿಪುರದಿಂದ ಆನವಟ್ಟಿಯವರೆಗೆ ಎಷ್ಟೋ ಗೋಡೆ ಎಬ್ಬಿಸಿದ್ದೇನೆ. ಒಂದೂ ಸೊಟ್ಟಗಿದೆ ಎಂದು ಇವತ್ತಿನವರೆಗೆ ಯಾರೂ ಬೆರಳು ತೋರಿಸಿಲ್ಲ.

ನಮ್ಮೂರ ಸರ್ಕಾರಿ ಶಾಲೆಯ ಹೊಸ ಕೋಣೆಯೂ ನನ್ನ ಕೈಕೆಲಸವೇ. ಅದನ್ನು ಕಟ್ಟುವಾಗ ಬೋರ್ಡಿನ ಕೆಳಗೆ, ಈ ಗೋಡೆಯಿಂದ ಆ ಗೋಡೆಗೆ, ಐದಡಿ ಅಗಲದ ಸಿಮೆಂಟಿನ ಕಟ್ಟೆ ಹಾಕಿದೆ. ನಕ್ಷೆಯಲ್ಲಿ ಅದು ಇರಲಿಲ್ಲ, ಹಾಕೆಂದು ಯಾರೂ ಹೇಳಿರಲಿಲ್ಲ. ಮೇಷ್ಟ್ರು ಎತ್ತರದಲ್ಲಿ ನಿಲ್ಲಬೇಕು ಎನ್ನುವುದು ನನಗೆ ಗೊತ್ತಿದ್ದ ಶಾಲೆ. ಸಿಮೆಂಟು ನನ್ನದೇ ಎಂದು ಊರಿಡೀ ಹೇಳಿಕೊಂಡೂ ಬಂದಿದ್ದೆ.

ಈ ವರ್ಷ ಅದೇ ಕೋಣೆಯಲ್ಲಿ ಒಂದನೇ ತರಗತಿಗೆ ಇಂಗ್ಲಿಷ್ ಮಾಧ್ಯಮ ಶುರುವಾಯಿತು. ಸೀಟು ಮೂವತ್ತು, ಬಂದ ಅರ್ಜಿ ಮೂವತ್ತಾರು. ಅದರಲ್ಲೊಂದು ನನ್ನ ಮಗಳದು. ಕನ್ನಡ ವಿಭಾಗದಲ್ಲಿ ಜಾಗವಿತ್ತು, ನಿಜ. ಆದರೆ ಇಂಜಿನಿಯರು ಇಂಗ್ಲಿಷಿನಲ್ಲಿ ಮಾತಾಡುವಾಗ ಅರ್ಥವಾಗದೆಯೂ ತಲೆಯಾಡಿಸಿ ನಿಂತವನು ನಾನು. ಅದು ಅವಳಿಗೆ ಬೇಡ.

ಕೋಣೆಯಲ್ಲಿ ಇನ್ನೊಂದು ಸಾಲು ಬೆಂಚು ಹಿಡಿಸುತ್ತದೆ ಎಂದು ಅಳತೆ ಸಮೇತ ಬರೆದರೆ ಮೇಲಿನವರು ಆರು ಸೀಟು ಹೆಚ್ಚಿಸಬಹುದು. ಇಲ್ಲದಿದ್ದರೆ ಚೀಟಿ ಎತ್ತಬೇಕು. ಹೆಡ್ ಮೇಡಂ ನನಗೇ ಹೇಳಿ ಕಳಿಸಿದರು. "ಕಟ್ಟಿದೋರು ನೀವೇ, ನೀವೇ ಅಳೀರಿ."

ಟೇಪು ಎಳೆದೆ. ಮುಂದಿನ ಸಾಲಿನ ಬೆಂಚಿಗೂ ಕಟ್ಟೆಗೂ ನಡುವೆ ಒಂದೂವರೆ ಅಡಿ. ಇನ್ನೊಂದು ಸಾಲಿಗೆ ಬೇಕಾದದ್ದು ಮೂರು. ಮತ್ತೆ ಎಳೆದೆ. ಅಷ್ಟೇ.

ಬಾಗಿಲಲ್ಲಿ ಪೋಷಕರು ಗುಂಪುಗಟ್ಟಿದ್ದರು. ಪಕ್ಕದ ಮನೆಯ ಅಕ್ಕ ಕೇಳಿದಳು, "ಎಷ್ಟು ಬಂತೋ ತಮ್ಮಾ?"

"ಒಂದೂವರೆ, ಅಕ್ಕಾ."

"ಹಂಗಾರೆ ನನ್ ಮೊಮ್ಮಗನ್ನ ನಿನ್ ಕಟ್ಟೆ ಮ್ಯಾಲೇ ಕೂರ್ಸು, ಟೀಚರ್ ಪಕ್ಕಕ್ಕೆ!"

ಎಲ್ಲರೂ ನಕ್ಕರು. ಹಿಂದಿನಿಂದ ಒಬ್ಬ, "ಮೂರು ಅಂತ ಬರ್ಸಾ ಮಾರಾಯ, ನಿನ್ ಮಗಳೂ ಅದಾಳಲ್ಲ," ಎಂದ.

"ನನ್ ಟೇಪು ಸುಳ್ಳು ಹೇಳಲ್ಲ," ಎಂದೆ. ಮೇಡಂ ಕಡೆ ತಿರುಗಿ, "ಒಂದು ಭಾನುವಾರ ಕೊಡ್ರಿ ಮೇಡಂ, ನನ್ ಕೈಯಾರೆ ಒಡೆದು ಹಾಕ್ತೀನಿ," ಎಂದೆ.

"ಸರ್ಕಾರಿ ಕಟ್ಟಡ ರೀ. ಒಡೆಯೋಕೆ ಅನುಮತಿ ಬರೋ ಹೊತ್ತಿಗೆ ಮಕ್ಕಳು ಎರಡನೇ ಕ್ಲಾಸಿಗೆ ಹೋಗಿರ್ತಾವೆ. ಪಟ್ಟಿ ನಾಳೆನೇ ಕಳಿಸ್ಬೇಕು."

ಶಾಲೆಯ ಬಿಸಿಯೂಟದ ಅಡುಗೆಯಮ್ಮ ಸಾರಿನ ಪಾತ್ರೆಯಿಂದ ಚೀಟಿ ಎತ್ತಿದರು. ಇಪ್ಪತ್ತರವರೆಗೆ ಧೈರ್ಯವಾಗಿದ್ದೆ. ಇಪ್ಪತ್ತೈದಾದ ಮೇಲೆ ಹೆಂಡತಿಯ ಮುಖ ನೋಡಲಿಲ್ಲ. ಮೂವತ್ತು ಮುಗಿಯಿತು, ಮಗಳ ಹೆಸರು ಬರಲಿಲ್ಲ. ಉಳಿದ ಆರರಲ್ಲಿ ಅವಳದು ಎರಡನೆಯದಾಗಿ ಬಂತು. ತಿಂಗಳ ಕೊನೆಯೊಳಗೆ ಇಬ್ಬರು ಮಕ್ಕಳು ಬೇರೆ ಶಾಲೆಗೆ ಹೋದರೆ ಅವಳಿಗೆ ಸೀಟು.

ಅಂದಿನಿಂದ ಕೆಲಸಕ್ಕೆ ಹೊರಡುವ ಮೊದಲು ಗೇಟಿನ ಬಳಿ ಬೈಕು ನಿಲ್ಲಿಸಿ ಒಳಗೆ ಹೋಗುವ ಮಕ್ಕಳನ್ನು ಎಣಿಸುತ್ತೇನೆ. ಒಂದು ಮಗು ಜ್ವರ ಬಂದು ಶಾಲೆ ತಪ್ಪಿಸಿದರೂ ಸೀಟು ಖಾಲಿಯಾಯಿತೇನೋ ಎಂದು ಆಸೆಯಾಗುತ್ತದೆ, ಆಮೇಲೆ ನಾಚಿಕೆಯಾಗುತ್ತದೆ.

ಈಗ ನನಗಿರುವುದು ಸ್ವಂತ ಮನೆ ಒಂದು, ಕಾಂಕ್ರೀಟು ಕಲೆಸುವ ಮೆಷಿನ್ನು ಒಂದು, ಕೆಲಸದವರು ಐದು ಮಂದಿ, ಮಗಳು ಒಬ್ಬಳು, ಕಾಯುವ ಪಟ್ಟಿಯಲ್ಲಿ ಎರಡನೇ ನಂಬರು, ಇನ್ನು ಹನ್ನೊಂದು ದಿನ.