ಕೈಗೆ ಕೊಟ್ಟ ಮೆಣಸಿನಕಾಯಿ

ಮೆಣಸಿನಕಾಯಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಮುದ್ದಕ್ಕ ನಂಬಿದ್ದಳು. ರಾಂಪುರದ ಶೆಡ್ಡಿನಲ್ಲಿ, ದುಬೈಗೆ ಹೋಗುವ ಹಸಿಮೆಣಸಿನಕಾಯಿಯನ್ನು ಆರಿಸಿ ಅವಳು ಗೋಣಿಯ ಮೇಲಿಡುತ್ತಿದ್ದಳು. ಪಕ್ಕದ ಸುನಿತಾ ಎತ್ತಿ ಪೆಟ್ಟಿಗೆ ತುಂಬುತ್ತಿದ್ದಳು. ಒಂದು ದಿನ ಲಾರಿಯವನು ಹಾರ್ನ್ ಹೊಡೆದನೆಂದು ಅವಸರದಲ್ಲಿ ಒಂದು ಹಿಡಿ ಕಾಯಿ ಸುನಿತಾಳ ಕೈಗೇ ಕೊಟ್ಟುಬಿಟ್ಟಳು.

ಸಂಜೆ ನೀರಿನ ಚೊಂಬಿಗಾಗಿ ಇಬ್ಬರಿಗೂ ಜಗಳವಾಯಿತು.

"ನಿನ್ ಪಕ್ಕ ಇನ್ ಯಾವತ್ತೂ ಕೂರಲ್ಲ ಕಣಕ್ಕ," ಎಂದು ಸುನಿತಾ ಎದ್ದು ಹೋದಳು. ಮರುದಿನ ಬೆಳಿಗ್ಗೆ ಹೊಲದಲ್ಲಿ ಹಾವು ಕಚ್ಚಿ ತೀರಿಕೊಂಡಳು.

ಆರು ವರ್ಷವಾಯಿತು. ಆ ಜಾಗದಲ್ಲಿ ಮುದ್ದಕ್ಕ ಯಾರನ್ನೂ ಕೂರಗೊಡುವುದಿಲ್ಲ. ದಿನವೂ ಅಲ್ಲೊಂದು ಕಾಯಿ ಇಟ್ಟು, "ಕೆಳಗೇ ಇಟ್ಟೀನಿ ಕಣೇ, ತಗಾ," ಎನ್ನುತ್ತಾಳೆ.

ಸಂಜೆಯೊಳಗೆ ಸಾವಿರಾರು ಕಾಯಿ ಸಮುದ್ರ ದಾಟಲು ಹೊರಡುತ್ತವೆ. ಅದೊಂದು ಮಾತ್ರ ಅಲ್ಲೇ ಇರುತ್ತದೆ. ಸುನಿತಾಳ ಸಿಟ್ಟು ಇನ್ನೂ ಇಳಿದಿಲ್ಲ.