ಅಕ್ಕ ಸಹಿ ಹಾಕಿದ ನಕ್ಷೆ

ಇವತ್ತು ಆಫೀಸಿನಲ್ಲಿ ಯಾರೋ ಪನ್ನೀರು ದ್ರಾಕ್ಷಿಯ ಚೀಲ ಬಿಚ್ಚಿಟ್ಟರು. ಆ ವಾಸನೆಗೆ, ನಾನು ಅಕ್ಕ ಎಂದು ಕರೆಯುತ್ತಿದ್ದವರು ನೆನಪಾದರು. ಪ್ರತಿ ಸೋಮವಾರ ತಮ್ಮೂರು ಮಾರ್ಕಯನ್‌ಕೋಟ್ಟೈಯಿಂದ ದಿಂಡಿಗಲ್ಲಿಗೆ ಬರುವಾಗ ಅವರ ಕೈಯಲ್ಲೂ ಅಂಥದೊಂದು ಚೀಲ ಇರುತ್ತಿತ್ತು...

ಚಿಪ್‌ಗಳ ಸರ್ಕ್ಯೂಟ್ ನಕ್ಷೆ ಬಿಡಿಸುವ ಈ ಸಣ್ಣ ಆಫೀಸಿನಲ್ಲಿ ಆಗ ಅವರು ನನ್ನ ಮೇಲಿನವರು. ನಾನು ಅದೇ ತೇನಿ ಕಡೆಯ ಗೂಡಲೂರಿನವನು. ಇಲ್ಲಿ ಕೆಲಸ ಮಾಡುವವರಲ್ಲಿ ಮನೆಯಲ್ಲಿ ಕನ್ನಡ ಆಡುವವರು ನಾವಿಬ್ಬರೇ ಎಂದು ತಿಳಿದ ದಿನದಿಂದ ಎಲ್ಲರೆದುರು ತಮಿಳು, ನಮ್ಮ ನಡುವೆ ಮನೆಮಾತು. ನನ್ನದು ಹರಕು ಕನ್ನಡ, ಅವರು ನಗುತ್ತಿರಲಿಲ್ಲ.

ನಕ್ಷೆಯಲ್ಲಿ ಒಂದು ತುಂಡನ್ನು ಒಮ್ಮೆ ಬಿಡಿಸಿ, ಎಷ್ಟು ಬೇಕೆಂದು ಸಂಖ್ಯೆ ಕೊಟ್ಟರೆ ಅಷ್ಟು ಪ್ರತಿಗಳು ಸಾಲಾಗಿ ನಿಲ್ಲುತ್ತವೆ. ಯಾವ ಪ್ರತಿಗೆ ಯಾವ ತಂತಿ ಎಂದು ಹೇಳುವ ಸ್ಕ್ರಿಪ್ಟ್ ಬರೆಯುವುದು ನನ್ನ ಕೆಲಸ. ಅಕ್ಕ ನಕ್ಷೆಯನ್ನು ಮುದ್ರಿಸಿಕೊಂಡು, ಕೆಂಪು ಪೆನ್ಸಿಲ್ ಹಿಡಿದು ಒಂದೊಂದೇ ತಂತಿ ನೋಡಿ ಸಹಿ ಹಾಕುತ್ತಿದ್ದರು.

ಒಂದು ಸಲ ಗಿರಾಕಿಗಳು ಎಂಟು ಪ್ರತಿ ಇದ್ದದ್ದನ್ನು ಹದಿನಾರು ಮಾಡಿ ಎಂದರು. ಅಕ್ಕನಿಗೆ ಆ ದಿನ ತೇನಿಯ ಆಸ್ಪತ್ರೆಯಲ್ಲಿದ್ದ ತಾಯಿಯ ಬಳಿ ಹೋಗುವ ಅವಸರ.

“ಎಂಟುಕ್ಕೆ ಸರಿ ಅದೆ ತಂಬಿ. ಅದ್ನಾರುಕ್ಕೆ ಹಾಕಿ ನೋಡ್ದ್ಯಾ?”

“ನೋಡ್ದೆ ಅಕ್ಕಾ.”

ನೋಡಿರಲಿಲ್ಲ. ಅವರು ನನ್ನ ಮಾತು ನಂಬಿ ಸಹಿ ಹಾಕಿ ಬಸ್ಸಿಗೆ ಹೊರಟರು.

ಸ್ಕ್ರಿಪ್ಟಿನ ಒಂದು ಸಾಲಿನಲ್ಲಿ ಎಂಟು ಎಂದೇ ಉಳಿದಿತ್ತು. ಕೊನೆಯ ಎಂಟು ಪ್ರತಿಗಳು ಮೊದಲ ಎಂಟರ ತಂತಿಗಳಿಗೇ ಹೋಗಿ ಸೇರಿಕೊಂಡಿದ್ದವು. ಯಾವ ಪ್ರತಿಯೂ ತಂತಿಯಿಲ್ಲದೆ ಉಳಿದಿರದ ಕಾರಣ ಕಂಪ್ಯೂಟರಿನ ತಪಾಸಣೆಯಲ್ಲಿ ಸಿಗಲಿಲ್ಲ. ಚಿಪ್ ತಯಾರಾಗಿ ಬಂದ ಮೇಲೆ ಗೊತ್ತಾಯಿತು, ಅಷ್ಟೂ ದಂಡ.

ಮೀಟಿಂಗಿನಲ್ಲಿ ಯಾರು ಪರಿಶೀಲಿಸಿದ್ದು ಎಂದು ಕೇಳಿದರು. ಅಕ್ಕ ಎದ್ದು ನಿಂತು, ನಾನೇ ಎಂದರು. ನಾನು ನೆಲ ನೋಡುತ್ತ ಕೂತಿದ್ದೆ. ಆಮೇಲೆ ಮೆಟ್ಟಿಲ ಬಳಿ ಅವರು ಕೇಳಿದ್ದು ಒಂದೇ ಮಾತು.

“ನೋಡ್ದೆ ಅಂದ್ಯಲ್ಲ, ತಂಬಿ...”

ಆ ತಿಂಗಳೇ ಅವರನ್ನು ಕೆಲಸದಿಂದ ತೆಗೆದರು. ಅವರ ಕುರ್ಚಿ ನನಗೆ ಬಂತು.

ವರ್ಷಗಳ ನಂತರ ಒಡ್ಡನ್‌ಛತ್ರಂ ಬಸ್ ನಿಲ್ದಾಣದಲ್ಲಿ ಸಿಕ್ಕರು. “ನಲ್ಲಾ ಇರುಕ್ಕೀಂಗಳಾ?” ಎಂದು ತಮಿಳಿನಲ್ಲಿ, ಬಹುವಚನದಲ್ಲಿ ಕ್ಷೇಮ ಕೇಳಿದರು. ನಾನು ಕನ್ನಡದಲ್ಲೇ ಉತ್ತರಿಸಿದೆ. ಅವರು ತಮಿಳು ಬಿಡಲಿಲ್ಲ. ಕ್ಷಮೆ ಕೇಳಬೇಕೆಂದು ಮಾತು ಹುಡುಕುತ್ತಿದ್ದಾಗಲೇ ಅವರ ಬಸ್ಸು ಬಂತು...

ಹೋದ ತಿಂಗಳು ಅಕ್ಕ ತೀರಿಕೊಂಡ ಸುದ್ದಿ ಬಂತು. ಇವತ್ತು ಊಟದ ಹೊತ್ತಿನಲ್ಲಿ, ಆ ತಪ್ಪು ಅವರದಲ್ಲ, ನನ್ನದು ಎಂದು ಜೊತೆಯವರಿಗೆ ಮೊದಲ ಸಲ ಹೇಳಿದೆ.

“ಅದೆಲ್ಲ ಹಳೇದು ಸಾರ್, ಬಿಡಿ,” ಎಂದು ತಮಿಳಿನಲ್ಲಿ ಹೇಳಿ ಒಬ್ಬರು ಕೈ ತೊಳೆಯಲು ಎದ್ದರು. ಉಳಿದವರೂ ಎದ್ದರು. ನಾನು ಎಂಜಲು ಕೈಯಲ್ಲೇ ಕೂತಿದ್ದೆ. ಹೇಳಬೇಕಾದವರಿಗೆ ಹೇಳಿರಲಿಲ್ಲ.